ಅರ್ಧ ಬಾವಿಯ ಆಮೆ

ಚಾಂದಬಿ ಅಕ್ಕ, ನೀನು ಬಾವಿಗೆ ಮಾಂಸ ಹಾಕಿರಲಿಲ್ಲ. ಹಾಕಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿದವಳು ನಾನು. ಬಾವಿ ನಾರಲು ಕಾರಣ ನಾನೇ. ಇದು ನಿನಗೆ ಆಗಲೇ ಗೊತ್ತಿತ್ತು — ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಆದರೂ ಬಾಯಿ ಬಿಡದೆ ಮುದುಕಿಯಾದೆ.

ಈಗೇಕೆ ಹೇಳುತ್ತಿದ್ದೇನೆಂದರೆ, ಮೊನ್ನೆ ನನ್ನ ಮೊಮ್ಮಗನ ಹೆಂಡತಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಯಾರಿಗೋ ಹೇಳುತ್ತಿದ್ದಳು: “ಆಚೀ ಮನಿಯಾಕಿ ಬಾವ್ಯಾಗ ಖಂಡ ಒಗದಿದ್ದಳಂತ, ಅದಕ್ಕ ಮ್ಯಾಲ ಬಂಡಿಗಲ್ಲು ಮುಚ್ಚ್ಯಾರ.” ಆ ಹುಡುಗಿ ಈ ಮನೆಗೆ ಬಂದು ವರ್ಷವಾಗಿಲ್ಲ. ನಿನ್ನ ಹೆಸರು ಸಹ ಅವಳಿಗೆ ತಿಳಿಯದು. ನನ್ನ ಸುಳ್ಳು ಮಾತ್ರ ಅವಳ ಬಾಯಿಗೆ ಬಂದು ಕೂತಿದೆ. ನನಗಿಂತ ಅದರ ಆಯುಷ್ಯವೇ ಗಟ್ಟಿ ಎನ್ನಿಸಿತು.

ನಮ್ಮ ಲಿಂಗಸುಗೂರಿನ ಮನೆಯ ಆ ಬಾವಿ ಕಾಣದವರಿಗೂ ತಿಳಿಯಬೇಕು, ಅದಕ್ಕೆ ಮೊದಲು ಬಾವಿಯದೇ ಹೇಳುತ್ತೇನೆ. ಬಾವಿ ಒಂದು, ಹಿತ್ತಲು ಎರಡು. ಎರಡೂ ಮನೆಗಳ ನಡುವಿನ ಕಲ್ಲಿನ ಗೋಡೆ ಬಾವಿಯ ಬಾಯಿಯ ಮೇಲೆ ಅಡ್ಡಲಾಗಿ ಹಾದುಹೋಗಿತ್ತು. ಈಚೆ ಅರ್ಧ ನಮಗೆ, ಆಚೆ ಅರ್ಧ ನಿಮಗೆ. ಕೆಳಗೆ ನೀರು ಮಾತ್ರ ಒಂದೇ. ಎರಡು ಕಡೆಗೂ ಒಂದೊಂದು ಗಡಗಡಿ, ಒಂದೊಂದು ಹಗ್ಗ. ತೋಡಿಸಿದವರು ನನ್ನ ಗಂಡನ ಅಜ್ಜ. ನಿಮ್ಮ ಮನೆಯವರು ಸೇದುತ್ತಿದ್ದುದು ಬಾಯಿಮಾತಿನ ಮೇಲೆ. ಬಾಯಿಮಾತಿನಿಂದ ಬಂದದ್ದು ಬಾಯಿಮಾತಿನಿಂದಲೇ ಹೋಯಿತು — ಆ ಬಾಯಿ ನನ್ನದಾಯಿತು, ಅಷ್ಟೆ.

ಅದು ನಿಜಾಮರ ಕಾಲ. ನಿನ್ನ ಗಂಡ ತಹಶೀಲ್ ಕಚೇರಿಯಲ್ಲಿ ಚಪರಾಸಿ. ನಿನಗೆ ಮಕ್ಕಳಿಲ್ಲ, ಹಾಸಿಗೆ ಹಿಡಿದ ಅತ್ತೆ ಇದ್ದಳು, ಪರದೆ ಇತ್ತು. ನಾನು ಮಸ್ಕಿಯಿಂದ ಮದುವೆಯಾಗಿ ಬಂದ ಹೊಸ ಸೊಸೆ. ಮನೆತುಂಬ ಜನ, ನನ್ನ ಪಾಲಿಗೆ ಮಾತ್ರ ಒಬ್ಬರೂ ಇಲ್ಲ. ಗೋಡೆಯ ಕಾರಣ ನಾವು ಒಬ್ಬರನ್ನೊಬ್ಬರು ನೇರವಾಗಿ ನೋಡಿದ್ದೇ ಇಲ್ಲ. ಇಬ್ಬರೂ ಒಟ್ಟಿಗೆ ಬಗ್ಗಿದರೆ ಕೆಳಗೆ ನೀರಿನಲ್ಲಿ ಕಾಣುತ್ತಿದ್ದೆವು. ಕೊಡ ತಾಗಿದರೆ ನಿನ್ನ ಮುಖ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಈಗ ಎದುರಿಗೆ ಬಂದು ನಿಂತರೂ ಗುರುತು ಹಿಡಿಯುತ್ತೇನೆಯೋ ಇಲ್ಲವೋ.

ಆ ನೀರಿನಲ್ಲಿ ಒಂದು ಆಮೆ ಇತ್ತು. ಹುಳ ಹುಪ್ಪಡಿ ತಿಂದು ನೀರು ಚೊಕ್ಕಟ ಇಡುತ್ತದೆಂದು ನಮ್ಮ ಕಡೆ ಬಾವಿಗೆ ಆಮೆ ಬಿಡುವ ರೂಢಿ. ಯಾರು ಯಾವಾಗ ಬಿಟ್ಟಿದ್ದರೋ. ನಾನು ಅದನ್ನು ಗಂಗವ್ವ ಎನ್ನುತ್ತಿದ್ದೆ, ನೀನು ಬೇಗಂ ಎನ್ನುತ್ತಿದ್ದೆ. “ನಿಮ್ಮ ಅರ್ಧಕ್ಕ ಬಂದಾಗ ಗಂಗವ್ವ, ನಮ್ಮ ಅರ್ಧಕ್ಕ ಬಂದಾಗ ಬೇಗಂ. ಜಗಳ್ಯಾಕ?” ಎಂದು ನೀನು ನಕ್ಕಿದ್ದೆ.

ಅದನ್ನು ಸಾಕುವ ಬಗೆಯನ್ನು ಕಲಿಸಿದವಳು ನೀನು. ಮಧ್ಯಾಹ್ನ ಬಿಸಿಲು ನೀರಿಗೆ ಇಳಿಯುವ ಹೊತ್ತಿಗೆ ಅದು ಹತ್ತಿ ಕೂರಲೆಂದು ಒಂದು ಚಪ್ಪಟೆ ಕಲ್ಲನ್ನು ಬಾವಿಯ ಒಳಗೋಡೆಯ ಸಂದಿಗೆ ಸಿಗಿಸಿದ್ದೆ. ರಾಜಗಿರಿ ಸೊಪ್ಪಿನ ಎಳೆಯ ಎಲೆಯೆಂದರೆ ಅದಕ್ಕೆ ಇಷ್ಟ, ಜೋಳದ ರೊಟ್ಟಿ ಹಾಕಿದರೆ ನೀರು ಹುಳಿಯುತ್ತದೆ, ಹಾಕಬೇಡ ಎಂದಿದ್ದೆ. ಆಗಾಗ ನೀನು ಅದನ್ನು ಕೊಡದಲ್ಲಿ ಮೇಲೆ ಎಳೆದುಕೊಂಡು ಬೆನ್ನಿನ ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಅದಕ್ಕೆ ಮಾಂಸವೂ ಬೇಕಾಗುತ್ತಿತ್ತು. ನಮ್ಮದು ಲಿಂಗಪೂಜೆಯ ಮನೆ, ಪೂಜೆಗೂ ಆ ನೀರೇ ಎಂದು ನೀನು ಒಂದು ಚೂರನ್ನೂ ಬಾವಿಗೆ ಬೀಳಿಸಿದವಳಲ್ಲ. ಆಮೆಯನ್ನು ಮೇಲಕ್ಕೆ ತಂದು, ಬೋಗುಣಿಯಲ್ಲಿಟ್ಟು ತಿನ್ನಿಸಿ, ಅದರ ಬಾಯಿ ಕಾಲು ಎಲ್ಲ ತೊಳೆದು, ಆಮೇಲೆ ಕೆಳಗೆ ಬಿಡುತ್ತಿದ್ದೆ. “ನಿಮ್ಮ ದೇವರ ನೀರು ಮೈಲಿಗಿ ಆಗಬಾರದವ್ವ” ಎನ್ನುತ್ತಿದ್ದೆ. ಇದು ನನಗೆ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿತ್ತು.

ಆಮೆ ನಿನ್ನ ಗಡಗಡಿಯ ಸದ್ದು ಕೇಳಿದರೆ ಮೇಲೆ ಬರುತ್ತಿತ್ತು. ನನ್ನದಕ್ಕೆ ಬರುತ್ತಿರಲಿಲ್ಲ. ನಾನೂ ಸೊಪ್ಪು ಹಾಕುತ್ತಿದ್ದೆ, ನಾನೂ ಕರೆಯುತ್ತಿದ್ದೆ — ಊಹೂಂ. ನಿನ್ನ ಹಗ್ಗ ಅಲುಗಿದರೆ ಸಾಕು, ಕತ್ತು ಹೊರಗೆ. ಹೊಟ್ಟೆಕಿಚ್ಚು ಎಂದು ಆಗ ಒಪ್ಪಿಕೊಳ್ಳುವಷ್ಟು ಬುದ್ಧಿ ಇರಲಿಲ್ಲ. ಪಾಪ, ಒಂಟಿ ಜೀವ, ಜೊತೆಯಿಲ್ಲದೆ ಕೊರಗುತ್ತದೆ ಎಂದು ಒಂದು ಕರುಣೆಯ ಮಾತನ್ನು ಹುಡುಕಿಕೊಂಡೆ. ಇನ್ನೊಂದು ಆಮೆ ತರುತ್ತೇನೆ ಎಂದು ನಿನಗೂ ಹೇಳಿದೆ. ನೀರಿನಲ್ಲಿ ನಿನ್ನ ಮುಖ ಅಡ್ಡಡ್ಡ ಅಲ್ಲಾಡಿತು.

“ಬ್ಯಾಡ ಶಾಂತವ್ವ. ಅದಕ್ಕ ಜೋಡಿ ಬೇಕಾಗಿಲ್ಲ. ಹಿಂದಕ ನಮ್ಮ ಅತ್ತಿ ಒಂದು ಬಿಟ್ಟಿದ್ದರಂತ, ಕಚ್ಚ್ಯಾಡಿ ಸತ್ತತಂತ. ಜೋಡಿ ಬೇಕಾಗಿರೋದು ನಮಗ, ಅದಕ್ಕಲ್ಲ.”

ನಿನಗೇನು ಗೊತ್ತು ಎಂದುಕೊಂಡೆ. ಅದು ನಿನ್ನದೊಬ್ಬಳದೇ ಆಗಿರಲೆಂದು ಹೀಗೆ ಹೇಳುತ್ತೀಯ ಎಂದುಕೊಂಡೆ. ತವರಿಗೆ ಹೋದಾಗ ಮಸ್ಕಿ ಹಳ್ಳದಲ್ಲಿ ಒಂದು ಸಣ್ಣ ಆಮೆ ಸಿಕ್ಕಿತು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬುತ್ತಿಯ ಬುಟ್ಟಿಯಲ್ಲಿ ಅಡಗಿಸಿ, ಬಂಡಿಯ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನನ್ನ ಕಡೆಯಿಂದ ಬಾವಿಗೆ ಬಿಟ್ಟೆ. ಇದು ನನ್ನ ಗಡಗಡಿಗೆ ಬರಲಿ ಎಂದು... ಏನು ಹುಚ್ಚು.

ಸ್ವಲ್ಪ ದಿನ ನೀರು ಕದಡುತ್ತಲೇ ಇತ್ತು. ನೀನು ಬೇಗಮ್ಮನನ್ನು ಮೇಲೆ ಎಳೆದಾಗ ಅದರ ಮುಂಗಾಲಿಗೆ ಕಚ್ಚಿದ ಗಾಯವಿದೆ ಎಂದು ಗೋಡೆಯಾಚೆಯಿಂದ ಹೇಳಿದೆ. ಅರಿಶಿನ ಹಚ್ಚುತ್ತಾ ನೀನು ಒಂದೇ ಮಾತು ಕೇಳಿದೆ: “ತಂದೀಯೇನು?” ನಾನು ಹೂಂ ಎಂದೆ. ನೀನು ಬೈಯಲಿಲ್ಲ. “ಇನ್ನೊಂದು ಎಲ್ಲದ ನೋಡೋಣ, ಹೊರಗ ತಗಿಯೋಣ” ಎಂದೆ. ಅದು ಸಿಗಲಿಲ್ಲ. ಯಾವುದೋ ಸಂದಿಯೊಳಗೆ ಹೊಕ್ಕು ಸತ್ತಿತ್ತು. ಆಮೇಲೆ ನೀರು ನಾರತೊಡಗಿತು.

ಪೂಜೆಗೆ ನೀರು ತಂದ ನನ್ನ ಅತ್ತೆ ಮೂಗು ಮುಚ್ಚಿಕೊಂಡು ತಂಬಿಗೆಯನ್ನು ಅಂಗಳಕ್ಕೆ ಚೆಲ್ಲಿದರು. ಮಾವ ಬಂದರು, ಗಂಡ ಬಂದ. ಆಚೆ ಮನೆಯವರು ಮಾಂಸದ ಜನ ಎಂಬ ಮಾತು ತಾನಾಗಿ ಎದ್ದಿತು. ಮಾವ ಮಾತ್ರ, ಇಷ್ಟು ವರ್ಷ ಇಲ್ಲದ್ದು ಈಗ ಹೇಗೆ ಎಂದು ತಡೆದರು. ನೋಡದೆ ಯಾರ ಮೇಲೂ ಹೇಳಬಾರದು ಎಂದರು. ಆಗ ಅತ್ತೆ ನನ್ನ ಕಡೆ ತಿರುಗಿದರು.

“ದಿನಾ ಬಾವ್ಯಾಗ ಹಣಿಕಿ ಹಾಕಾಕಿ ನೀನ. ಆಕಿ ಖಂಡ ಒಗಿಯೋದು ನೋಡೀಯೇನು? ಖರೇ ಹೇಳು.”

ನಿಜ ಹೇಳಿದ್ದರೆ ಏನಾಗುತ್ತಿತ್ತು? ಪೂಜೆಯ ನೀರು ಕೆಡಿಸಿದವಳೆಂದು ಬೈಗುಳ, ಹೆಚ್ಚೆಂದರೆ ನಾಲ್ಕು ದಿನ ತವರು. ಅಷ್ಟೇ ಆಗಬಹುದಾದದ್ದು. ಅಷ್ಟನ್ನು ತಪ್ಪಿಸಿಕೊಳ್ಳಲು —

“ಹೂನ್ರಿ ಅತ್ತಿ, ನೋಡೀನಿ.”

ಗೋಡೆಯ ಆಚೆ ನಿನ್ನ ಗಡಗಡಿ ತಿರುಗುತ್ತಿತ್ತು. ನಿಂತಿತು. ನೀನು ಕೇಳಿಸಿಕೊಂಡೆ. ಒಂದೇ ಮಾತಿನಲ್ಲಿ ನನ್ನನ್ನು ಹಿಡಿದುಕೊಡಬಹುದಿತ್ತು, ಮಸ್ಕಿಯ ಆಮೆ ಎಂದರೆ ಸಾಕಿತ್ತು. ನಾನು ಕಾದೆ. ನಿನ್ನ ಗಡಗಡಿ ಮತ್ತೆ ತಿರುಗಿತು, ಅಷ್ಟೆ.

ನೀರು ಖಾಲಿ ಮಾಡಿಸಿದಾಗ ಸತ್ತ ಆಮೆ ಸಿಕ್ಕಿತು, ಬದುಕಿದ್ದದ್ದೂ ಸಿಕ್ಕಿತು. ಎರಡು ಎಲ್ಲಿಂದ ಬಂದವು ಎಂದು ಮಾವ ಕೇಳಿದರು. ಅವರೇ ಬಿಟ್ಟಿರಬೇಕು, ಖಂಡ ತಿಂದೇ ಸತ್ತಿರಬೇಕು ಎಂದು ಅತ್ತೆಯೇ ಉತ್ತರ ಕೊಟ್ಟರು. ಈ ಸುಳ್ಳನ್ನೂ ನಾನು ನಿಲ್ಲಲು ಬಿಟ್ಟೆ. ಆಗ ಯಾರೂ ನನ್ನನ್ನು ಕೇಳಿಯೂ ಇರಲಿಲ್ಲ. ಹೇಳಲು ಅದಕ್ಕಿಂತ ಸುಲಭದ ಗಳಿಗೆ ಮತ್ತೆ ಸಿಗಲಿಲ್ಲ.

ಬದುಕಿದ್ದ ಆಮೆಯನ್ನು ಹೊಸ ನೀರಿಗೆ ಮತ್ತೆ ಬಿಟ್ಟರು. ಬಾವಿಯ ನಿಮ್ಮ ಅರ್ಧಕ್ಕೆ ಬಂಡೆ ಹೊದಿಸಲು ಆಳುಗಳು ಬಂದ ದಿನ ನಾನು ನೀರಿಗೆ ಹೋಗಿದ್ದೆ. ನೀನು ಆಚೆಯಿಂದ ಬಗ್ಗಿದೆ. ಈಗ ಶಪಿಸುತ್ತೀಯ ಎಂದುಕೊಂಡೆ. ಶಪಿಸಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ.

“ಶಾಂತವ್ವ, ಬೇಗಂ ಕಾಲು ಹ್ಯಾಂಗದ?”

ನಾನು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಒಳಗೆ ಹೋದೆ. ಸಂಜೆಯ ಹೊತ್ತಿಗೆ ಬಂಡೆ ಬಿದ್ದಿತ್ತು.

ಆಮೇಲೆ ಬುರ್ಖಾ ತೊಟ್ಟ ಒಬ್ಬಳು ಊರಾಚೆಯ ಬಾವಿಯಿಂದ ಸೊಂಟದ ಮೇಲೆ ಕೊಡ ಹೊತ್ತು ಬರುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮನೆ ಬಿಟ್ಟು ಹೊರಡದಿದ್ದವಳು ಬಿಸಿಲಲ್ಲಿ ದಿನಕ್ಕೆ ಹಲವು ಸಲ ನಡೆಯುತ್ತಿದ್ದಳು. ಹಾಸಿಗೆ ಹಿಡಿದವರ ಮನೆಗೆ ಎಷ್ಟು ನೀರು ಬೇಕಾಗುತ್ತದೆಂದು ನನ್ನ ಅತ್ತೆ ಹಾಸಿಗೆ ಹಿಡಿದಾಗ ನನಗೆ ತಿಳಿಯಿತು. ಅಷ್ಟರಲ್ಲಿ ನೀವು ಮುದಗಲ್ಲಿಗೆ ಹೋಗಿ ಬಹಳ ಕಾಲವಾಗಿತ್ತು. ಮುದಗಲ್ ಇಲ್ಲಿಂದ ದೂರವೇನಲ್ಲ. ನಾನು ಒಮ್ಮೆಯೂ ಬರಲಿಲ್ಲ.

ಮೊನ್ನೆ ಆ ಹುಡುಗಿಯ ಕೈಯಿಂದ ಪಾತ್ರೆ ಕೆಳಗಿಡಿಸಿ ಬಾವಿಯ ಹತ್ತಿರ ಕರೆದುಕೊಂಡು ಹೋದೆ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಮಗನಿಗೂ ಹೇಳಿದೆ, ನೆರೆಯವರನ್ನು ಕೂಡಿಸಿಯೂ ಹೇಳಿದೆ. “ಈಗ್ಯಾಕ ಬೇಕಿತ್ತಬೇ ಇದು?” ಎಂದು ಮಗ ಮುಖ ಸಿಂಡರಿಸಿದ. ಸಿಂಡರಿಸಲಿ. ನಿನ್ನ ಹೆಸರು ಚಾಂದಬಿ ಎಂಬುದು ಈಗ ಅವರಿಗೆ ಗೊತ್ತಾಗಿದೆ. ನೀನು ಬದುಕಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿ ಪಡೆಯುವಂಥದ್ದಲ್ಲ ಅದು. ನೀನು ಕೇಳಿದ್ದ ಒಂದು ಪ್ರಶ್ನೆಗೆ ಉತ್ತರ ಮಾತ್ರ ಬಾಕಿಯಿದೆ.

ಕಾಲು ಮಾಯಿತು ಅಕ್ಕ. ಚೆನ್ನಾಗಿಯೇ ಮಾಯಿತು. ಆದರೆ ಅದು ಮತ್ತೆ ಬಿಸಿಲಿನ ಕಲ್ಲು ಹತ್ತಲಿಲ್ಲ. ಬಂಡೆಯ ಕೆಳಗಿನ ಕತ್ತಲಲ್ಲಿ, ನಿನ್ನ ಗಡಗಡಿ ಇದ್ದ ಕಡೆಗೆ ಕತ್ತೆತ್ತಿಕೊಂಡು ಇರುತ್ತಿತ್ತು. ನಾನು ಎಷ್ಟು ಕರೆದರೂ ಈಚೆಗೆ ಬರಲಿಲ್ಲ.