ಬಕೆಟ್ಟಿನ ಹಳದಿ ನೀರು

ನನ್ನ ಸೋದರತ್ತೆಯನ್ನು ಎಲ್ಲರೂ ಕೋಳಿ ಅತ್ತೆ ಎಂದೇ ಕರೆಯುವುದು. ಮನೆಯ ಹಿಂದೆ ತಗಡಿನ ಶೆಡ್ಡು, ಅದರ ತುಂಬ ಕೋಳಿ. ಒಂದು ಕೋಳಿ ಸೀನಿದರೆ ಸಾಕು, ಮಾವ ಇಡೀ ಶೆಡ್ಡಿನ ಕುಡಿಯುವ ನೀರಿಗೆ ಹಳದಿ ಆಂಟಿಬಯೋಟಿಕ್ ಪುಡಿ ಕಲಸುತ್ತಿದ್ದ. ಯಾವುದೂ ಸೀನದಿದ್ದರೆ, ಇರಲಿ ಎಂದು ಒಂದು ಚಿಟಿಕೆ. ಸಂಜೆ ಉಳಿದ ನೀರನ್ನು ಹಿಂದಿನ ಚರಂಡಿಗೆ ಚೆಲ್ಲುವುದು ಅತ್ತೆಯ ಪಾಲು. ಆ ಕೆಸರಲ್ಲೇ ಬರಿಗಾಲ ಓಡಾಟ. ಚಪ್ಪಲಿ ಹಾಕಿಕೋ ಎಂದರೆ, ಕೋಳಿಗಳೇನು ಬೂಟು ಹಾಕಿವೆಯೇ ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ಒಮ್ಮೆ ಅದೇ ಕೆಸರಲ್ಲಿ ಮುರಿದ ತಂತಿ ಚುಚ್ಚಿ ಅತ್ತೆಯ ಕಾಲು ಊದಿಕೊಂಡಿತು. ಮಾತ್ರೆ ನಾಟಲಿಲ್ಲ, ಇಂಜೆಕ್ಷನ್ನೂ ನಾಟಲಿಲ್ಲ. ಕೀವು ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಕೋಳಿಗೆ ಏನು ಕೊಡುತ್ತೀರಿ ಎಂದು ಕೇಳಿದರು. ದಿನವೂ ಆ ಔಷಧಿ ಕುಡಿದು ಚರಂಡಿಯ ರೋಗಾಣುಗಳು ಅದಕ್ಕೆ ಪಳಗಿರಬೇಕು, ಅವೇ ಗಾಯ ಹೊಕ್ಕಿರಬಹುದು, ನಾವು ಕೊಟ್ಟ ಮಾತ್ರೆಯೂ ಅದೇ ಜಾತಿಯದು ಎಂದರು. ಕೊನೆಗೆ ಬೇರೊಂದು ಔಷಧಿ ಕಾಲು ಉಳಿಸಿತು, ಎರಡು ಬೆರಳು ಹೋದವು. ಮಾವನ ಮೇಲೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಅತ್ತೆ ಸಿಟ್ಟಾಗಲಿಲ್ಲ, ಹಟ ಹಿಡಿದಳು. ಪಶುವೈದ್ಯರು ಹೇಳದೆ ಶೆಡ್ಡಿಗೆ ಪುಡಿ ಬರಕೂಡದು. ಕುಂಟುತ್ತಲೇ ನೆಲಕ್ಕೆ ಹಾಸಿದ ಹೊಟ್ಟು ಬದಲಿಸಿದಳು, ಗಾಳಿಯಾಡಲು ಕಿಂಡಿ ತೆಗೆಸಿದಳು, ಶೆಡ್ಡಿಗೆಂದೇ ಬೇರೆ ಚಪ್ಪಲಿ ಇಟ್ಟಳು. ಚಳಿಗೆ ಕೋಳಿಗಳು ಸೀನತೊಡಗಿದವು. ಪಶುವೈದ್ಯರು ನೋಡಿ, ಈ ಶೀತಕ್ಕೆ ಪುಡಿ ನಾಟುವುದಿಲ್ಲ, ಸೀನುವ ಕೋಳಿಗಳನ್ನು ಬೇರೆ ಇಡಿ ಎಂದರು. ಶೆಡ್ಡೇ ಖಾಲಿಯಾದರೆ ಹೊಟ್ಟೆಗೇನು ಎಂದು ಮಾವನಿಗೆ ಹೆದರಿಕೆ. ಕೈ ಕಟ್ಟಿ ಕೂರಲಾಗದೆ, ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಬಕೆಟ್ಟಿಗೆ ಪುಡಿ ಕಲಸಿದ.

ಆ ಬಣ್ಣ ಅತ್ತೆಯ ಕಣ್ಣಿಗೆ ಬೀಳದೆ ಇದ್ದೀತೇ? ಬಕೆಟ್ಟಿಗೆ ಅಡ್ಡ ನಿಂತಳು. ಮಾವ ಗೊಣಗಿದ.

"ಆಯ್ತು ಬಿಡು, ಬೇಡ ಅಂದ್ರೆ ಚೆಲ್ಲು."

"ಎಲ್ಲಿ ಚೆಲ್ಲಲಿ? ನೀವೇ ಜಾಗ ತೋರ್ಸಿ."

ಮಾವ ಚರಂಡಿಯತ್ತ ಕೈ ಎತ್ತಿದ. ಅಷ್ಟರಲ್ಲಿ ಅತ್ತೆಯ ಪಾದದ ಮೇಲೆ ಕಣ್ಣು ಬಿದ್ದು ಕೈ ಇಳಿಸಿದ. ಹಿತ್ತಿಲು, ಬಾವಿ, ಬೀದಿ, ಎಲ್ಲ ಕಡೆ ನೋಡಿದ. ಆಮೇಲೆ ತಾನೇ ಒಂದು ಮುಚ್ಚಳ ಹುಡುಕಿ ತಂದು ಬಕೆಟ್ಟಿಗೆ ಮುಚ್ಚಿದ.

ಆ ಚಳಿಗೆ ಕೆಲವು ಕೋಳಿ ಸತ್ತವು, ಶೆಡ್ಡು ಉಳಿಯಿತು. ಬಕೆಟ್ಟು ಇನ್ನೂ ಮೂಲೆಯಲ್ಲೇ ಇದೆ. ಅದನ್ನು ಚೆಲ್ಲುವ ಜಾಗ ಮಾವನಿಗೆ ಇವತ್ತಿಗೂ ಸಿಕ್ಕಿಲ್ಲ.