ವಿಭೂತಿ ಹಚ್ಚಿದ ನಟ್ಟು

ನನ್ನ ಅಣ್ಣ ಮುರಿಗೆಪ್ಪನ ಬಗ್ಗೆ ಯಾರನ್ನು ಕೇಳಿದರೂ ಒಳ್ಳೆಯದನ್ನೇ ಹೇಳುತ್ತಾರೆ. ಹೇಳಲಿ, ನನಗೇನು. ಕೈಗುಣ ಒಳ್ಳೆಯದು, ಮಾತು ಮೆತ್ತಗೆ, ಯಾರ ತಂಟೆಗೂ ಹೋದವನಲ್ಲ. ಅದೆಲ್ಲ ಖರೆ. ಆದರೆ ಅವನ ಬೆನ್ನಿಗೆ ಬಿದ್ದ ತಂಗಿ ನಾನು, ಕಾಶೆವ್ವ. ಅವನ ಸಲುವಾಗಿ ಅತ್ತೆಯ ಜೊತೆ, ಓಣಿಯವರ ಜೊತೆ ಹಲ್ಲು ಕಚ್ಚಿ ಜಗಳಾಡಿದವಳು. ನನಗೆ ಗೊತ್ತಿರುವುದು ಊರಿಗೆ ಗೊತ್ತಿಲ್ಲ.

ನಮ್ಮ ತವರು ಹುಕ್ಕೇರಿ ತಾಲೂಕಿನ ಘೋಡಗೇರಿ. ಅಪ್ಪನಿಗೆ ಹೊಲ ಇತ್ತು, ಅಣ್ಣನಿಗೆ ಹೊಲದ ಮೇಲೆ ಮನಸ್ಸಿರಲಿಲ್ಲ. ಮೀಸೆ ಮೂಡುವ ವಯಸ್ಸಿಗೆ ಗೋಕಾಕಕ್ಕೆ ಹೋಗಿ ರಾಜಪ್ಪ ಮಿಸ್ತ್ರಿಯ ಕೈಕೆಳಗೆ ನಿಂತ. ಮೋಟಾರು ರಿಪೇರಿ ಎಂದರೆ ಆಗ ನಮ್ಮ ಸೀಮೆಗೆಲ್ಲ ರಾಜಪ್ಪ ಮಿಸ್ತ್ರಿಯದೇ ಹೆಸರು. ಅಣ್ಣ ಅಲ್ಲಿ ಒಂಬತ್ತು ವರ್ಷ ದುಡಿದ. ಆಮೇಲೆ ಮಿಸ್ತ್ರಿಯ ಕಾಲಿಗೆ ಬಿದ್ದು, ಅಪ್ಪಣೆ ಪಡೆದು, ಮೂಡಲಗಿ ಪೇಟೆಯಲ್ಲಿ ಒಂದು ತಗಡಿನ ಛಪ್ಪರ ಹಾಕಿಕೊಂಡ. ನನ್ನನ್ನು ಕುಲಗೋಡಕ್ಕೆ ಕೊಟ್ಟಿದ್ದರಿಂದ ಆ ಛಪ್ಪರವೇ ನನಗೆ ತವರಿಗಿಂತ ಹತ್ತಿರವಾಯಿತು. ಸಂತೆಗೆ ಹೋದಾಗಲೆಲ್ಲ ಅಲ್ಲಿ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಅವನು ಕೆಲಸ ಮಾಡುವುದನ್ನು ನೋಡಿ ಬರುತ್ತಿದ್ದೆ.

ನೋಡುವಂಥದ್ದೇ ಅದು. ಅವನ ಹತ್ತಿರ ಒಂದು ಮೊಳದ ಬೇವಿನ ಕೋಲು ಇತ್ತು. ಯಾರದಾದರೂ ಮೋಟಾರ್ ಸೈಕಲ್ಲು ಬಂದರೆ, ಆ ಫಟಫಟಿ ಚಾಲೂ ಮಾಡಿ, ಕೋಲಿನ ಒಂದು ತುದಿಯನ್ನು ಇಂಜಿನ್ನಿಗೆ ಹಚ್ಚಿ, ಇನ್ನೊಂದು ತುದಿಗೆ ಕಿವಿ ಇಟ್ಟು, ಕಣ್ಣು ಮುಚ್ಚುತ್ತಿದ್ದ. ನಟ್ಟು ತಿರುಗಿಸುವ ಪಾನಾ ಹಿಡಿಯುವುದು ಆಮೇಲೆ. ಪ್ಲಗ್ ಬಿಚ್ಚಿ ತುದಿ ನೋಡಿದನೆಂದರೆ ಅರ್ಧ ರೋಗ ಗೊತ್ತಾದ ಹಾಗೆ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ, ಸುಟ್ಟು ಬೆಳ್ಳಗಾಗಿದ್ದರೆ ಸಾಲುತ್ತಿಲ್ಲ, ಪೆಟ್ರೋಲಿನಲ್ಲಿ ನೆನೆದಿದ್ದರೆ ಕಿಡಿಯೇ ಹಾರುತ್ತಿಲ್ಲ.

ಮೂಡಲಗಿಯ ಅರಿವೆ ವ್ಯಾಪಾರಿ ಶ್ರೀಪಾಲ ಒಮ್ಮೆ ಮುಖ ಬಾಡಿಸಿಕೊಂಡು ಗಾಡಿ ತಂದರು. ಇಂಜಿನ್ ಒದರುತ್ತದೆ, ಗಾಡಿ ಮಾತ್ರ ದಿಣ್ಣೆ ಏರುವುದಿಲ್ಲ, ಇಂಜಿನ್ನಿನ ದಮ್ಮೇ ಹೋಯಿತು ಎಂದು ಬೇರೆ ಯಾರೋ ಹೇಳಿ ಹೆದರಿಸಿದ್ದರಂತೆ.

"ಇಂಜಿನ್ ದುಡ್ಯಾಕತ್ತೈತ್ರಿ. ದುಡಿದದ್ದು ಗಾಲಿಗೆ ಮುಟ್ಟಾಕತ್ತಿಲ್ಲ. ಕ್ಲಚ್ ಜಾರತೈತಿ," ಎಂದ ಅಣ್ಣ.

ಬಿಚ್ಚಲೂ ಇಲ್ಲ. ಎಡಗೈಯ ಹಿಡಿಕೆಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದ. ತಂತಿ ಬಿಗಿಯಾಗಿತ್ತು. ಹಿಡಿಕೆ ಒತ್ತದಿದ್ದಾಗಲೂ ತಂತಿ ಕ್ಲಚ್ಚನ್ನು ಅರ್ಧ ಎಳೆದು ಹಿಡಿದಿತ್ತು. ಒಂದು ತಿರುಪು ಸಡಿಲಿಸಿ, "ಇಲ್ಲಿ ಜ್ವಾಳದ ಕಾಳಿನಷ್ಟು ಸಡ್ಲ ಇರಬೇಕ್ರಿ, ಸಾವಕಾರ್ರ," ಎಂದು ಕಳಿಸಿಬಿಟ್ಟ.

ಎರಡನೆಯ ದೊಡ್ಡ ಲಡಾಯಿ ಕಾಲದಲ್ಲಿ ಇಂಜಿನ್ ಎಣ್ಣೆ ಸಿಗುತ್ತಿರಲಿಲ್ಲ. ಆಗ ಕಣಗಲಾದಿಂದ ಒಬ್ಬ ದೊಡ್ಡ ಮನುಷ್ಯ ಬಂದ. ಗಾಡಿ ಹೊಗೆ ಕಾರುತ್ತಿತ್ತು, ಜೋರು ಬರುತ್ತಿರಲಿಲ್ಲ. ಅಣ್ಣ ಸೈಲೆನ್ಸರಿನ ಹತ್ತಿರ ಮೂಗು ಒಯ್ದು, "ಏನ್ರಿ, ಇದರಾಗ ಶೇಂಗಾ ಎಣ್ಣಿ ಹಾಕೀರೇನು?" ಎಂದ. ಆ ಮನುಷ್ಯ ಇಲ್ಲವೆಂದು ಆಣೆ ಹಾಕಲು ನಿಂತ. "ಬಜಿ ಕರದ ವಾಸನಿ ಬರಾಕತ್ತೈತಿ. ಮೆಣಸಿನಕಾಯಿ ಅಷ್ಟ ಹಾಕೂದು ಉಳದೈತ್ರಿ," ಎಂದಾಗ ಛಪ್ಪರದಲ್ಲಿ ಇದ್ದವರೆಲ್ಲ ನಕ್ಕರು. ಬಿಚ್ಚಿ ನೋಡಿದರೆ ಒಳಗೆಲ್ಲ ಎಣ್ಣೆ ಕಾದು ಅಂಟಾಗಿ ಕೂತಿತ್ತು. ಇಂಥವನು ನನ್ನ ಅಣ್ಣ ಎಂದು ನನಗೆ ಎಷ್ಟು ಸೊಕ್ಕಿತ್ತೆಂದರೆ, ಕುಲಗೋಡದ ಬಾವಿಕಟ್ಟೆಯಲ್ಲಿ ಅದನ್ನೇ ಹತ್ತು ಸಲ ಹೇಳುತ್ತಿದ್ದೆ.

ನನ್ನ ಗಂಡ ಅಪ್ಪಣ್ಣ ದನದ ವೈದ್ಯ. ಅವರ ಅಪ್ಪ, ಅಜ್ಜ ಮಾಡಿಕೊಂಡು ಬಂದ ಕೆಲಸ. ಹೊಟ್ಟೆ ಉಬ್ಬಿದ ಎತ್ತು, ಕರು ಅಡ್ಡ ಸಿಕ್ಕ ಎಮ್ಮೆ, ಎಲ್ಲದಕ್ಕೂ ಇವರೇ ಬೇಕು. ಹತ್ತು ಹನ್ನೆರಡು ಮೈಲು ನಡೆದೋ ಸೈಕಲ್ ತುಳಿದೋ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ದನ ಸತ್ತು ಬಿದ್ದಿರುತ್ತಿತ್ತು. ಅಂಥ ದಿನ ಮನೆಗೆ ಬಂದು ಉಣ್ಣುತ್ತಿರಲಿಲ್ಲ. ಲಡಾಯಿ ಮುಗಿದ ಮರುವರ್ಷ, ರಾಜಪ್ಪ ಮಿಸ್ತ್ರಿ ಲಿಲಾವಿನಲ್ಲಿ ಬೆಲೆ ಕೂಗಿ ಲಷ್ಕರದ ಹಳೆಯ ಫಟಫಟಿಯೊಂದನ್ನು ಹಿಡಿದು ರಿಪೇರಿ ಮಾಡಿ ಮಾರಲು ಇಟ್ಟಿದ್ದಾರೆ ಎಂಬ ಸುದ್ದಿ ಬಂತು. ಅತ್ತೆ ಉದ್ದವ್ವ ಬೇಡವೇ ಬೇಡ ಎಂದರು. ಹಳ್ಳದ ಬಾಜೂ ಇದ್ದ ಹೊಲ ಕೊಟ್ಟು ಕಬ್ಬಿಣ ತರುತ್ತೀರೇನು ಎಂದು ರೇಗಿದರು. "ನಮ್ಮಣ್ಣ ಕೇಳಿ ಚಲೋ ಐತಿ ಅಂದ್ರ ತಗೊಳ್ಳೂದು, ಇಲ್ಲಂದ್ರ ಇಲ್ಲ," ಎಂದು ನಾನೇ ಮಧ್ಯೆ ಬಾಯಿ ಹಾಕಿದೆ. ಆ ಮಾತಿಗೆ ಅತ್ತೆ ಒಪ್ಪಿದರು.

ನಾನು, ನನ್ನ ಗಂಡ, ಅಣ್ಣ ಮೂವರೂ ಗೋಕಾಕಕ್ಕೆ ಹೋದೆವು. ಮಿಸ್ತ್ರಿಗೆ ವಯಸ್ಸಾಗಿತ್ತು, ಹಣೆ ತುಂಬ ವಿಭೂತಿ. ಅವರದೊಂದು ಪದ್ಧತಿ ಇತ್ತು. ಯಾವ ಯಂತ್ರವನ್ನಾದರೂ ಪೂರಾ ಮುಗಿಸಿ ಮುಚ್ಚಿದ ಮೇಲೆ, ಕಡೆಯ ನಟ್ಟಿಗೆ ಒಂದು ಬೊಟ್ಟು ವಿಭೂತಿ ಹಚ್ಚುತ್ತಿದ್ದರು. ಆ ಬೊಟ್ಟು ತಾನಾಗಿ ಅಳಿಸಿ ಹೋಗುವ ತನಕ ಅವರ ಶಿಷ್ಯರು ಯಾರೂ ಅದಕ್ಕೆ ಪಾನಾ ಹಚ್ಚುವಂತಿಲ್ಲ. ಹಚ್ಚಿದರೆ ಗುರುವಿನ ಕೈಯ ಮೇಲೆ ಸಂಶಯಪಟ್ಟ ಹಾಗೆ.

ಅಣ್ಣ ಗಾಡಿ ಚಾಲೂ ಮಾಡಿ ಇಂಜಿನ್ನಿಗೆ ಕೋಲು ಹಚ್ಚಿ ಕೇಳಿದ. ಆಮೇಲೆ ಕೋಲನ್ನು ಹಿಂದೆ ಸರಿಸಿ ಗೇರಿನ ಪೆಟ್ಟಿಗೆಗೆ ಹಚ್ಚಿದ. ತೆಗೆದ. ಮತ್ತೆ ಹಚ್ಚಿದ. ಪೆಟ್ಟಿಗೆಯ ನಟ್ಟಿನ ಮೇಲೆ ವಿಭೂತಿ ಇನ್ನೂ ಹೊಸದಾಗಿಯೇ ಇತ್ತು. ಅಣ್ಣ ಅದನ್ನು ಒಂದು ಗಳಿಗೆ ನೋಡಿ ಎದ್ದು ನಿಂತು, "ಚಲೋ ಐತ್ರಿ ಅಪ್ಪಣ್ಣಾರ," ಎಂದ. ನನ್ನ ಗಂಡನ ಮುಖ ಅರಳಿತು, ನನ್ನದೂ. ಹಳ್ಳದ ಹೊಲ ಮಾರಿ ಗಾಡಿ ಮನೆಗೆ ತಂದೆವು.

ನಡೆಸುವುದನ್ನು ಅಣ್ಣನೇ ಎಂಟು ದಿನ ಕಲಿಸಿದ. "ಓಡೂಮುಂದ ಇಂಜಿನ್ ಜಾಮ್ ಆಗಿ ಗಾಲಿ ಹಿಡಕೊಂಡ್ರ ಗಾಬರಿ ಆಗಬ್ಯಾಡ್ರಿ. ಕ್ಲಚ್ ಹಿಡೀರಿ. ಇಂಜಿನ್ ಬ್ಯಾರೆ, ಗಾಲಿ ಬ್ಯಾರೆ ಆಗತೈತಿ, ಗಾಡಿ ಸುಮ್ನ ಉಳ್ಳಕೋತ ಹೋಗಿ ನಿಂದ್ರತೈತಿ," ಎಂದು ಹೇಳಿಕೊಟ್ಟ. ಇವರು ಹೋದಲ್ಲೆಲ್ಲ ದನ ಉಳಿದವು. ನಲವತ್ತು ದಿನ ನಮ್ಮ ಮನೆಯಲ್ಲಿ ಹಬ್ಬ.

ನಲವತ್ತೊಂದನೆಯ ದಿನ, ಘೋಡಗೇರಿಯಲ್ಲಿ ಕರು ಹಾಕಲಾಗದ ಎಮ್ಮೆಯೊಂದನ್ನು ನೋಡಲು ಹೊರಟವರು ದಾರಿಯಲ್ಲೇ ಬಿದ್ದರು. ಓಡುವ ಗಾಡಿಯ ಹಿಂದಿನ ಗಾಲಿ ಒಮ್ಮೆಲೇ ಹಿಡಿದುಕೊಂಡಿತ್ತು. ಚಕ್ಕಡಿಯಲ್ಲಿ ಹಾಕಿಕೊಂಡು ತಂದರು. ಬಲಮೊಣಕಾಲು ಪುಡಿಯಾಗಿತ್ತು. ದನದ ವೈದ್ಯನಿಗೆ ಮೊಣಕಾಲೇ ಆಧಾರ. ಒದೆಯುವ ಎತ್ತನ್ನು ಕೆಡವಿ ಮೊಣಕಾಲೂರಿ ಒತ್ತಿ ಹಿಡಿಯದೆ ಔಷಧ ಹಾಕುವುದು ಹೇಗೆ? ಕಾಲು ಇನ್ನು ಮಡಚುವುದಿಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದ ದಿನ, ನನ್ನ ಗಂಡ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು.

ಅತ್ತೆ ನನ್ನನ್ನು ಬಿಡಲಿಲ್ಲ. "ನಿಮ್ಮಣ್ಣ ತನ್ನ ಗುರುವಿನ ಹಳೇ ಕಬ್ಬಿಣ ನನ್ನ ಮಗನ ಕೊರಳಿಗೆ ಕಟ್ಟಿದಾ. ಗೊತ್ತಿದ್ದ ಕಟ್ಟಿದಾ," ಎಂದರು. ಓಣಿಯ ಹೆಂಗಸರು ಕೂಡಿದ್ದರು. ಕೊರಳಿನ ಲಿಂಗ ಕೈಯಲ್ಲಿ ಹಿಡಿದು ಎಲ್ಲರೆದುರು ಹೇಳಿದೆ, "ಗೊತ್ತಿದ್ರ ನಮ್ಮಣ್ಣ ಹಂಗ ಮಾಡಾಂವಲ್ಲ. ಅಂವಗ ಗೊತ್ತಿದ್ದಿಲ್ಲ. ಲಿಂಗದ ಆಣಿ." ಅತ್ತೆ ಸೆರಗು ಕೊಡವಿ ಒಳಗೆ ಹೋದರು.

ಅಣ್ಣ ಬಂದ. ಹಾಸಿಗೆಯ ಬಾಜೂ ಕುಳಿತು ತಲೆ ತಗ್ಗಿಸಿಯೇ ಕೇಳಿದ, "ಕ್ಲಚ್ ಹಿಡದಿದ್ದಿರೇನ್ರಿ?"

"ಹಿಡದಿದ್ನಿ. ನೀ ಹೇಳಿದ್ದು ನೆನಪಿತ್ತು. ಹಿಡದ್ರೂ ಗಾಲಿ ತಿರಗಲಿಲ್ಲ."

ಕ್ಲಚ್ ಹಿಡಿದರೂ ಗಾಲಿ ಬಿಡಲಿಲ್ಲ ಎಂದರೆ ತಪ್ಪು ಇಂಜಿನ್ನಿನದಲ್ಲ, ಕ್ಲಚ್ಚಿನಿಂದ ಈಚೆಗೆ, ಗೇರಿನ ಪೆಟ್ಟಿಗೆಯದು. ಅಂಗಳದಲ್ಲಿ ನಿಂತಿದ್ದ ಗಾಡಿಯ ಆ ಪೆಟ್ಟಿಗೆಯನ್ನು ಅಣ್ಣ ನನ್ನೆದುರೇ ಬಿಚ್ಚಿದ. ಒಳಗೆ ಗ್ರೀಸಿನ ಜೊತೆ ಕಲಸಿ ಒತ್ತಿ ತುಂಬಿದ ಕಟ್ಟಿಗೆಯ ಹೊಟ್ಟು. ಸವೆದ ಹಲ್ಲುಗಳ ಸಪ್ಪಳ ಕೇಳಬಾರದೆಂದು ತುಂಬಿದ್ದು. ಆ ಹೊಟ್ಟು ಎಣ್ಣೆಯನ್ನೆಲ್ಲ ಕುಡಿದು ಗೇರು ಒಣಗಿ ಒಂದಕ್ಕೊಂದು ಕಚ್ಚಿಕೊಂಡಿತ್ತು. ಒಂಬತ್ತು ವರ್ಷ ಅನ್ನ ಹಾಕಿದ ಗುರು ಶಿಷ್ಯನ ತಂಗಿಯ ಮನೆಗೆ ಹೀಗೆ ಮಾಡಿದನಲ್ಲ ಎಂದು ಅಲ್ಲೇ ಕೂತು ಅತ್ತುಬಿಟ್ಟೆ.

"ನಡಿ ಗೋಕಾಕಕ್ಕ. ನಾನೂ ಬರ್ತೇನಿ," ಎಂದೆ.

"ನೀ ಬ್ಯಾಡ ತಂಗೆವ್ವ."

"ಬರ್ತೇನಿ."

ಮೂರು ಸಲ ಬೇಡವೆಂದ. ಗುರುವಿನ ಮಾನ ಕಾಯಲು ನೋಡುತ್ತಿದ್ದಾನೆ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಹೊಟ್ಟನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ರಾಜಪ್ಪ ಮಿಸ್ತ್ರಿ ಚಹಾ ಕುಡಿಯುತ್ತಿದ್ದರು. ಗಂಟು ಬಿಚ್ಚಿ ಅವರ ಕಾಲ ಹತ್ತಿರ ಸುರುವಿದೆ. "ಇದ ಏನ್ರಿ ನಿಮ್ಮ ವಿಭೂತಿ ಒಳಗಿದ್ದದ್ದು? ನನ್ನ ಗಂಡ ಇನ್ನ ಜೀವಮಾನ ಕುಂಟಬೇಕು. ನಿಮ್ಮನ್ನ ದೇವರು ಅಂದ್ಕೊಂಡಿದ್ದ ಈ ನಮ್ಮಣ್ಣ. ಅವನ ಕೈಲೆ ಸುಳ್ಳ ಹೇಳಿಸಿದ್ರಿ," ಎಂದೆ. ಇನ್ನೂ ಏನೇನೋ ಅಂದೆ.

ಮಿಸ್ತ್ರಿ ಇಲ್ಲವೆನ್ನಲಿಲ್ಲ. "ನಾನ ತುಂಬೇನಿ ತಾಯಿ. ಕಣ್ಣ ಕಾಣವಲ್ದು, ಕೆಲಸ ಬರವಲ್ದು. ಆ ಗಾಡ್ಯಾಗ ಇದ್ದಬಿದ್ದ ರೊಕ್ಕ ಎಲ್ಲಾ ಹಾಕಿದ್ದೆ. ಮಾರದಿದ್ರ ನಾ ಉಳೀತಿದ್ದಿಲ್ಲ." ಚಹಾದ ಬಸಿಯನ್ನು ಕೆಳಗಿಟ್ಟು ಅಣ್ಣನ ಕಡೆ ತಿರುಗಿದರು. "ನೀ ಗೇರಿನ ಪೆಟಿಗಿಗೆ ಎರಡ ಸಲ ಕೋಲ ಹಚ್ಚಿದಿ. ನಾ ನೋಡಕೋತ ನಿಂತಿದ್ದೆ. ಇಂವಾ ಈಗ ಪಾನಾ ಕೇಳ್ತಾನ, ಕೇಳಿದ್ರ ಈ ಗಾಡಿ ಇವರಿಗಿ ಕೊಡೂದು ಬ್ಯಾಡ ಅಂತ ಎದಿ ಹಿಡಕೊಂಡ ನಿಂತಿದ್ದೆ. ನೀ ಚಲೋ ಐತಿ ಅಂದಿ. ಕೇಳಸಲಿಲ್ಲೇನ ಮುರಿಗೆಪ್ಪ ನಿನಗ?"

ನಾನು ಅಣ್ಣನ ಮುಖ ನೋಡಿದೆ. ಇಲ್ಲ ಎನ್ನಲಿ ಎಂದು ಕಾಯ್ದೆ. ಅವನು ನೆಲ ನೋಡುತ್ತ, "ಕೇಳಿಸಿತ್ರಿ," ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನಾಗಿಯೇ ಬಾಯಿ ಬಿಟ್ಟ. "ಭಾಳ ಸುಮ್ನಿತ್ತು ತಂಗೆವ್ವ. ಲಡಾಯ್ಯಾಗ ದುಡದ ಗೇರು ಅಷ್ಟ ಸುಮ್ನ ಇರೂದಿಲ್ಲ. ಬಿಚ್ಚಬೇಕಂದ್ನಿ. ಅವರ ವಿಭೂತಿ ಇತ್ತು, ಅವರೂ ಎದುರಿಗಿದ್ರು. ಎಲ್ಲಾರ ಮುಂದ ಅದನ್ನ ಹೆಂಗ ಅಳಸ್ಲಿ?"

"ನನ್ನ ಕುಂಕುಮ ಅಳಸಿದ್ರ ಆಗತಿತ್ತೇನು?" ಎಂದೆ. ಮಿಸ್ತ್ರಿಯ ಮೇಲಿನ ಸಿಟ್ಟು ನನಗೆ ಆ ದಾರಿಯಲ್ಲೇ ಇಳಿದು ಹೋಯಿತು. ಮಿಸ್ತ್ರಿ ಹೊರಗಿನವನು, ಹೊಟ್ಟೆಗಾಗಿ ಮೋಸ ಮಾಡಿದ. ಇವನು ನನ್ನ ಒಡಹುಟ್ಟಿದವನು. ಗುರುವಿನ ಮುಲಾಜಿಗೆ ನನ್ನ ಗಂಡನನ್ನು ಆ ಗಾಡಿಯ ಮೇಲೆ ಕೂರಿಸಿದ. ಎಂಟು ದಿನ ನಡೆಸುವುದನ್ನು ಕಲಿಸಿದಾಗ ಒಂದು ಮಾತು ಹೇಳಲಿಲ್ಲ. ಲಿಂಗ ಹಿಡಿದು ನಾನು ಹಾಕಿದ ಆಣೆ ಸುಳ್ಳಾಯಿತು. ಮನೆಗೆ ಹೋದ ಕೂಡಲೇ ಎಲ್ಲರೆದುರು ಹೇಳಿಬಿಡುತ್ತೇನೆ, ಇನ್ನು ಇವನ ಮುಖ ನೋಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೇ ಕುಲಗೋಡದಲ್ಲಿ ಇಳಿದೆ.

ಅಣ್ಣ ಅಂಗಳದ ಕಟ್ಟೆಯ ಮೇಲೇ ಕುಳಿತ. ಒಳಗೆ ನನ್ನ ಗಂಡ, ಕಾಲು ಮುರಿದ ಮೇಲೆ ಮೊದಲನೆಯ ಸಲ, ಗೋಡೆಗೆ ಒರಗಿ ಎದ್ದು ಕುಳಿತಿದ್ದರು. ಕಾಲು ಉದ್ದಕ್ಕೆ ಚಾಚಿತ್ತು. ಅತ್ತೆ ತಾಟು ಹಾಕುತ್ತಿದ್ದರು.

"ಮಿಸ್ತ್ರಿ ಏನಂದಾ?" ಎಂದು ನನ್ನ ಗಂಡ ಕೇಳಿದರು.

"ತಾನ ತುಂಬೇನಿ ಅಂತ ಒಪ್ಪಕೊಂಡಾ," ಎಂದೆ. ಮುಂದಿನ ಮಾತು ನಾಲಿಗೆಯ ಮೇಲಿತ್ತು.

ಅವರು ತಾಯಿಯ ಕಡೆ ತಿರುಗಿದರು. "ಕೇಳಿದ್ಯೇನವ್ವಾ? ನಾ ಹೇಳಿದ್ದಿಲ್ಲೇನು. ಮುರಿಗೆಪ್ಪಗ ಗೊತ್ತಿದ್ರ ನನ್ನ ಅದರ ಮ್ಯಾಲ ಕುಂಡ್ರಸ್ತಿದ್ದಿಲ್ಲ. ಪಾಪ, ಅಂವನೂ ನನ್ನಂಗ ಮೋಸ ಹೋದಾ." ಆಮೇಲೆ ನನಗೆ, "ಹೊರಗ ಯಾಕ ಕುಂತಾನ? ಒಳಗ ಕರಿ. ಉಣ್ಣಾಕ ಬಾ ಅನ್ನು."

ಬಾಗಿಲಿಗೆ ಹೋಗಿ, "ಉಣ್ಣಾಕ ಕರ್ಯಾಕತ್ತಾರ," ಎಂದೆ. ಅವನು ನನ್ನ ಕಣ್ಣು ನೋಡಿ, ನಾನು ಹೇಳಿಲ್ಲವೆಂದು ತಿಳಿದುಕೊಂಡು, ಕಾಲು ತೊಳೆದುಕೊಂಡು ಒಳಗೆ ಬಂದ. ರೊಟ್ಟಿ, ಪಲ್ಯ ತಂದಿಟ್ಟೆ. ಕುಳಿತುಕೊಳ್ಳಲು ಜಾಗ ಸಾಲದೆ ಅವನು ಮೂಲೆಯಲ್ಲಿ ನಿಂತಿದ್ದ. ನನ್ನ ಗಂಡ ಮುರಿದ ಕಾಲನ್ನು ಎರಡೂ ಕೈಯಿಂದ ಎತ್ತಿ, ಹಲ್ಲು ಕಚ್ಚಿ ಬಾಜೂಕ್ಕೆ ಇಟ್ಟುಕೊಂಡು, ಅವನಿಗೆ ಜಾಗ ಮಾಡಿಕೊಟ್ಟರು.