ಚೀಲ ಹೊತ್ತವಳು

ನಮ್ಮ ಕೆಳಗಿನ ಮನೆಯ ಪ್ಲಂಬರ್ ಕೆಲಸಕ್ಕೆ ಹೊರಟರೆ ಹಿಂದೆ ಹೆಂಡತಿ ಇರಲೇಬೇಕು. ಪಾನಾ, ಗರಗಸ ತುಂಬಿದ ಭಾರದ ಚೀಲ ಅವಳ ಹೆಗಲಲ್ಲಿ. ಸಿಂಕಿನ ಕೆಳಗೆ ಅವನ ಹೊಟ್ಟೆ ಹಿಡಿಸುತ್ತಿರಲಿಲ್ಲ. ಅವಳೇ ನುಸುಳಿ ಪೈಪು ಬಿಚ್ಚಿ, ಜೋಡಿಸಿ, ಒದ್ದೆಮುದ್ದೆಯಾಗಿ ಹೊರಬರುತ್ತಿದ್ದಳು. ಕೂಲಿ ಮಾತ್ರ ಅವನ ಕೈಗೆ. “ಮನೆಯವಳಿಗೆ ಯಾರಾದ್ರೂ ಕೂಲಿ ಕೊಡ್ತಾರಾ?” ಎಂದು ನಗುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೆಸರಾದ ಕೈ ಯಾರದು, ಮೊಸರುಂಡ ಬಾಯಿ ಯಾರದು ಎಂದು ಗಾದೆ ಹೇಳುವುದಿಲ್ಲ.

ಎದೆನೋವು ಬಂದು ಅವನು ತೀರಿಕೊಂಡ. ತಿಂಗಳೊಪ್ಪತ್ತಿನಲ್ಲಿ ಅವನಣ್ಣ ಬಂದು ಚೀಲ ಎತ್ತಿಕೊಂಡ. ಹೊಸ ಕಟ್ಟಡಗಳಲ್ಲಿ ಪೈಪು ಕೂರಿಸುತ್ತಿದ್ದವನು, ಕೆಟ್ಟವನೇನಲ್ಲ.

“ತಮ್ಮನ ಗಿರಾಕಿಗಳನ್ನ ನಾನು ನೋಡ್ಕೋತೀನಿ. ಗಂಡಸರ ಸಾಮಾನು ನಿನಗ್ಯಾಕಮ್ಮ? ಹುಡುಗೀನ ಡಬ್ಬ ತುಂಬೋ ಕಾರ್ಖಾನೆಗೆ ಸೇರಿಸು,” ಎಂದ. ಅವಳ ಜೊತೆಗೇ ಇದ್ದ ಅತ್ತೆಯೂ ತಲೆಯಾಡಿಸಿದಳು.

ಅವಳ ಮಗಳು ಒಂಬತ್ತನೇ ತರಗತಿ, ಲೆಕ್ಕದಲ್ಲಿ ಬಲು ಚುರುಕು. ಚೀಲದ ಜೊತೆಗೇ ಅವಳ ಓದೂ ಹೊರಟಿತು. ತಾಯಿ ಮನೆಮನೆಯ ಪಾತ್ರೆ ತಿಕ್ಕತೊಡಗಿದಳು. ಪರೀಕ್ಷೆ ಮುಗಿದ ಕೂಡಲೇ ಮಗಳು ಕಾರ್ಖಾನೆಗೆ ಎಂದಾಯಿತು.

ಆದರೆ ಅಣ್ಣನಿಗೆ ಬಾಗಿಲುಗಳೇ ತೆರೆಯಲಿಲ್ಲ. ಹಗಲು ಮನೆಯಲ್ಲಿರುವವರು ನಾವು ಹೆಂಗಸರು. ಗೊತ್ತಿಲ್ಲದ ಗಂಡಸು ಒಬ್ಬನೇ ಬಂದು ಬೆಲ್ ಒತ್ತಿದರೆ, “ಮನೇಲಿ ಯಾರೂ ಇಲ್ಲ, ಭಾನುವಾರ ಬನ್ನಿ” ಎನ್ನುತ್ತೇವೆ. ನಾನೂ ಅಂದೆ. ಯಾರೂ ಇಲ್ಲ ಎಂದರೆ ಗಂಡಸರಿಲ್ಲ ಎಂದರ್ಥ, ನಾವು ಲೆಕ್ಕಕ್ಕಿಲ್ಲ. ತಮ್ಮನಿಗೆ ಬಾಗಿಲು ತೆರೆಯುತ್ತಿದ್ದುದು ಹಿಂದೆ ಹೆಂಡತಿ ನಿಂತಿರುತ್ತಿದ್ದಳೆಂದು. ಅದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ.

ಅಲೆದೂ ಅಲೆದೂ ಸುಸ್ತಾದವನು ಒಂದು ಸಂಜೆ ಚೀಲದ ಸಮೇತ ಬಂದು ಅವಳ ಹೊಸ್ತಿಲ ಬಳಿ ಕೂತ. ನಾನು ಮೆಟ್ಟಿಲ ಮೇಲೆ ನಿಂತು, ನಾಚಿಕೆಯಿಲ್ಲದೆ, ಎಲ್ಲ ಕೇಳಿಸಿಕೊಂಡೆ.

“ನೀನೂ ಜೊತೆಗೆ ಬಾರಮ್ಮ. ಮೊದಲಿನ ಹಾಗೆ ಚೀಲ ಹಿಡ್ಕೊಂಡು ನಿಂತ್ರೆ ಸಾಕು.”

“ಬರ್ತೀನಿ ಭಾವ. ಕೆಲಸ ಇಬ್ರೂ ಮಾಡೋಣ, ಕೂಲಿ ಸಮಪಾಲು. ಹುಡುಗಿ ಶಾಲೆ ಬಿಡಲ್ಲ.”

“ಆಯ್ತು.”

“ಚೀಲ ನೀವು ಹೊರಬೇಕು.”

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದವನು ತಡವರಿಸಿದ. “ಹೆಂಗಸಿನ ಹಿಂದೆ ಚೀಲ ಹೊತ್ಕೊಂಡು ಹೋದ್ರೆ ಬೀದೀಲಿ ಜನ ಏನಂತಾರೆ?”

“ಇಷ್ಟು ವರ್ಷ ನಾನು ಹೊತ್ತಾಗ ಯಾರೂ ಏನೂ ಅನ್ನಲಿಲ್ವಲ್ಲ ಭಾವ.”

ಅವನು ತಲೆ ಕೆರೆದುಕೊಂಡ. ಒಳಗಿನಿಂದ ಅತ್ತೆಯ ದನಿ ಬಂತು: “ಹೊತ್ಕೊಳ್ಳೋ. ನಿನ್ನ ಹೆಗಲೇನು ಸವೆದುಹೋಗಲ್ಲ.” ಆ ಮುದುಕಿಯ ಬಾಯಲ್ಲಿ ಸೊಸೆಯ ಪರವಾಗಿ ಒಂದು ಮಾತು ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಬೆಳಿಗ್ಗೆ ಮೂವರೂ ಒಟ್ಟಿಗೆ ಹೊರಟರು. ಹುಡುಗಿಯ ಬೆನ್ನಿಗೆ ಪುಸ್ತಕ, ದೊಡ್ಡಪ್ಪನ ಹೆಗಲಿಗೆ ಸಾಮಾನು. ಮುಂದೆ ಅವಳು, ಎರಡೂ ಕೈ ಖಾಲಿ. ಅವಳು ಹಾಗೆ ಕೈಬೀಸಿಕೊಂಡು ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.